ಬೋಗುಣಿಯಲ್ಲಿ ಮುಗಿದ ತಂತಿ

ಊರಿನಲ್ಲಿ ಎಲ್ಲರಿಗಿಂತ ದೊಡ್ಡ ಸದ್ದು ಮಾಡುವವನಿಗೆ ಎಲ್ಲರಿಗಿಂತ ಕಡಿಮೆ ಕೇಳಿಸುತ್ತಿತ್ತು. ಮಂದಿರದ ಗಂಟೆ ಹೊಡೆಯುವ ಅವನನ್ನು ಜನ ಕಿವುಡ ಎಂದೇ ಕರೆಯುತ್ತಿದ್ದರು. ಅವನಪ್ಪನನ್ನೂ ಹಾಗೇ ಕರೆದಿದ್ದರು, ಅಣ್ಣನನ್ನೂ ಹಾಗೇ ಕರೆದಿದ್ದರು. ಎಮ್ಮೆಗಾತ್ರದ ಕಂಚಿನ ಗಂಟೆಯ ಕೆಳಗೆ ನಿಂತು ವರ್ಷಗಟ್ಟಲೆ ಹಗ್ಗ ಜಗ್ಗಿದರೆ ಯಾರ ಕಿವಿ ತಾನೇ ಉಳಿದೀತು? ಅವನ ಎಡಗಿವಿಯಲ್ಲಿ ಮಾತ್ರ ಒಂದಿಷ್ಟು ಜೀವವಿತ್ತು, ಅದೂ ಬಾಯಿ ಹಚ್ಚಿ ಕೂಗಿದರೆ. ಕೆಲಸ ಹೇಳಿದರೆ ಕೇಳಿಸದ ಕಿವಿಗೆ ಊಟಕ್ಕೆ ಕರೆದದ್ದು ಹೇಗೆ ಕೇಳಿಸುತ್ತದೋ ಎಂದು ಅವನ ಅತ್ತಿಗೆ ಆಡಿಕೊಳ್ಳುತ್ತಿದ್ದಳು.

ಗಂಟೆಗೋಪುರದ ಬೆನ್ನಿಗೆ ಅಂಟಿಕೊಂಡ ಎರಡು ಕೋಣೆಯ ಮನೆ ಅವರದು. ಹೆಂಡತಿ ಹೆರಿಗೆಯಾದ ವರ್ಷವೇ ಜ್ವರದಲ್ಲಿ ಹೋದಳು. ಕೂಸನ್ನು ಸಾಕಿದವಳು ಅತ್ತಿಗೆ, ಅಂದರೆ ಸತ್ತ ಅಣ್ಣನ ಹೆಂಡತಿ. ಆ ಕೂಸು ಬೆಳೆದು ಅಪ್ಪನಿಗಿಂತ ಒಂದು ಗೇಣು ಎತ್ತರವಾಗಿ, ನೀರಿನ ಎರಡು ಕೊಡವನ್ನು ಒಂದೇ ಸೊಂಟದ ಮೇಲೆ ಹೊರುವ ಹೆಂಗಸಾದಳು. ಊರಿನವರ ಬಾಯಲ್ಲಿ ಗಂಡುಬೀರಿ, ಮನೆಯವರ ಬಾಯಲ್ಲಿ ಬೀರಿ. ಅವಳು ನಕ್ಕರೆ ಕಿವುಡನಿಗೂ ಕೇಳಿಸುತ್ತಿತ್ತು ಎಂದು ಜನ ಹೇಳುತ್ತಿದ್ದರು. ಅದೇನೂ ಸುಳ್ಳಲ್ಲ.

ಕಿವುಡನಿಗೆ ಎರಡು ಕೆಲಸ. ಮೊದಲನೆಯದು ನಡುಹಗಲಿನ ಗಂಟೆ. ಎಷ್ಟೋ ತಲೆಮಾರಿನ ಹಿಂದೆ ಒಬ್ಬ ಗುರುಗಳು ಪ್ರಾರ್ಥನೆಯ ಹೊತ್ತು ತಪ್ಪಬಾರದೆಂದು ಮಂದಿರದ ಸೂರಿನಲ್ಲಿ ಹೆಬ್ಬೆರಳು ಹಿಡಿಸುವಷ್ಟು ತೂತು ಕೊರೆಸಿದ್ದರು. ಅದರಿಂದ ಇಳಿದ ಬಿಸಿಲಿನ ಬೊಟ್ಟು ನೆಲದಲ್ಲಿ ಹರಿದು ಬಂದು ಅಲ್ಲಿ ಹುದುಗಿಸಿದ ಹಿತ್ತಾಳೆ ಪಟ್ಟಿಯನ್ನು ಮುಟ್ಟಿದರೆ ಸರಿಯಾಗಿ ನಡುಹಗಲು. ಆಗ ಕಿವುಡ ಹಗ್ಗ ಜಗ್ಗಬೇಕು. ಊರಿನ ಗಡಿಯಾರಗಳೆಲ್ಲ ಅವನ ಗಂಟೆ ಕೇಳಿ ಮುಳ್ಳು ತಿರುಗಿಸಿಕೊಳ್ಳುತ್ತಿದ್ದವು. ದೇವರನ್ನು ನಂಬದವನೂ ದೇವರ ಮನೆಯ ಹೊತ್ತಿಗೇ ಅಂಗಡಿ ತೆಗೆಯುತ್ತಿದ್ದ.

ಎರಡನೆಯ ಕೆಲಸವೇ ಕೊರಳಿಗೆ ಸುತ್ತಿಕೊಂಡದ್ದು. ಗಂಟೆ ಎರಕ ಹೊಯ್ದವನು ಅದರ ಅಂಚಿನಲ್ಲಿ 'ನನ್ನ ದನಿ ಮುಟ್ಟಿದಲ್ಲಿ ಸಿಡಿಲು ಇಳಿಯದು' ಎಂದು ಬರೆದಿಟ್ಟು ಹೋಗಿದ್ದ. ಪುಣ್ಯಾತ್ಮ, ಬರೆದು ತನ್ನ ಪಾಡಿಗೆ ಹೋದ. ಅಂದಿನಿಂದ ಗುಡುಗು ಎದ್ದಾಗಲೆಲ್ಲ ಊರಿನವರು ಮನೆಯ ಬಾಗಿಲು ಹಾಕಿಕೊಂಡು ಒಳಗೆ ಸೇರುತ್ತಿದ್ದರು, ಗಂಟೆಯವನು ಮಾತ್ರ ಊರಿನಲ್ಲೇ ಎತ್ತರದ ಗೋಪುರದ ಬುಡದಲ್ಲಿ ನೆನೆದ ಹಗ್ಗ ಹಿಡಿದು ನಿಲ್ಲಬೇಕಿತ್ತು. ಕಿವುಡನ ಅಪ್ಪ ಹಾಗೇ ಹಗ್ಗ ಹಿಡಿದೇ ಸತ್ತ. ಅವನಿಗೆ ನಂಬಿಕೆ ಸಾಲದು ಎಂದಿತು ಊರು. ಅಣ್ಣನೂ ಹಾಗೇ ಸತ್ತ. ಹಿಂದಿನ ದಿನ ಕುಡಿದಿದ್ದನಂತೆ, ಮೈಲಿಗೆಯ ಕೈ ಎಂದಿತು ಊರು. ಸತ್ತವನ ಮೇಲೆ ತಪ್ಪು ಹೊರಿಸುವುದು ಸುಲಭ ನೋಡಿ, ಎದ್ದು ಬಂದು ಇಲ್ಲವೆನ್ನುವುದಿಲ್ಲ. ಸಿಡಿಲು ಬೀಳದ ದಿನ ಹೆಸರು ಗಂಟೆಗೆ, ಬಿದ್ದ ದಿನ ಕೆಟ್ಟ ಹೆಸರು ಗಂಟೆಯವನಿಗೆ. ಈ ಲೆಕ್ಕದಲ್ಲಿ ಗಂಟೆ ಸೋಲುವುದುಂಟೇ?

ಕಿವುಡನ ಬಲ ಹೆಗಲು ಕೈಕೊಡತೊಡಗಿದಾಗ ಬೀರಿ ತಾನಾಗಿಯೇ ನಡುಹಗಲಿನ ಗಂಟೆ ವಹಿಸಿಕೊಂಡಳು. ಅವರ ಮನೆಬಾಗಿಲಿನ ಚೌಕಟ್ಟು ಗೋಪುರದ ಗೋಡೆಗೇ ನೆಟ್ಟದ್ದು. ಕಿವುಡ ಅದರ ಮೇಲೆ ಅಂಗೈ ಊರಿ ನಿಂತರೆ ಒಂದೊಂದು ಏಟೂ ಕೈಗೆ ಬಡಿಯುತ್ತಿತ್ತು. ಮಗಳು ಬಂದ ಕೂಡಲೇ ನಡುವೆ ಯಾಕೆ ಉಸಿರು ಬಿಟ್ಟೆ, ಕೊನೆಯದು ಯಾಕೆ ಸೊರಗಿತು ಎಂದು ತಕರಾರು ತೆಗೆಯುತ್ತಿದ್ದ. ಕಿವುಡನಿಗೆ ಸಂಗೀತದ ಮೇಷ್ಟ್ರ ಗತ್ತು ನೋಡು ಎಂದು ಅವಳು ಅತ್ತಿಗೆಯ ಕಡೆ ಕಣ್ಣು ಮಿಟುಕಿಸುತ್ತಿದ್ದಳು. ಆದರೆ ಸಿಡಿಲಿನ ಗಂಟೆಯನ್ನು ಅವನು ಅವಳಿಗೆ ಬಿಟ್ಟುಕೊಡಲಿಲ್ಲ. ಮೋಡ ಕಪ್ಪಾಯಿತೆಂದರೆ ಮಗಳನ್ನು ಒಳಗೆ ನೂಕಿ, ಹೊರಗಿನಿಂದ ಅಗುಳಿ ಹಾಕಿ, ತಾನೇ ಓಡುತ್ತಿದ್ದ.

ಹೀಗೆ ಎಷ್ಟು ದಿನ? ಒಂದು ಗುಡುಗಿನ ಸಂಜೆ ಹೆಗಲು ಪೂರ್ತಿ ಸೋತು ಗಂಟೆ ತೊದಲಿತು. ಮರುದಿನ ಮಂದಿರದ ಕಮಿಟಿಯ ಹಿರಿಯ, ಎಣ್ಣೆ ಸಾಹುಕಾರ, ಮನೆಗೇ ಬಂದ. ಇನ್ನು ಮುಂದೆ ಸಿಡಿಲಿಗೂ ಮಗಳೇ ಹೊಡೆಯಲಿ, ಆಗದಿದ್ದರೆ ಮನೆ ಬಿಡಿ, ಬೇರೆಯವರನ್ನು ತರುತ್ತೇವೆ ಎಂದ. ಮೆತ್ತಗೆ, ನಗುತ್ತಲೇ ಹೇಳಿದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ. ಬೀರಿ ಆಯಿತು ಎಂದಳು. ಅತ್ತಿಗೆ ಒಳಗೆ ಹೋಗಿ ಪಾತ್ರೆ ಉಜ್ಜತೊಡಗಿದಳು, ಉಜ್ಜಿದ್ದನ್ನೇ ಉಜ್ಜಿದಳು.

ಅಪ್ಪ ಹೋದ, ಅಣ್ಣ ಹೋದ, ಇವಳನ್ನು ಮಾತ್ರ ಕೊಡುವುದಿಲ್ಲ ಎಂದು ಕಿವುಡ ಅಂದೇ ಗಟ್ಟಿ ಮಾಡಿಕೊಂಡ. ಕೊಡದೆ ಇರುವುದು ಹೇಗೆ ಎಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಅದಕ್ಕೇ ಅವನು ಶಾಲೆಯ ವಿಜ್ಞಾನದ ಮೇಷ್ಟ್ರ ಹತ್ತಿರ ಹೋದ.

ಮೇಷ್ಟ್ರು ಒಳ್ಳೆಯವರು, ಆದರೆ ಪುಕ್ಕಲು. ಶಾಲೆ ನಡೆಯುತ್ತಿದ್ದದ್ದು ಮಂದಿರದ ಕಮಿಟಿಯ ಕೈಯಲ್ಲಿ, ಪುಕ್ಕಲಾಗದೆ ಇನ್ನೇನಾದಾರು? ಮಕ್ಕಳೆಲ್ಲ ಹೋದ ಮೇಲೆ ಕಿವುಡನನ್ನು ಬೆಂಚಿನ ಮೇಲೆ ಕೂರಿಸಿ, ಕಿಟಕಿ ಮುಚ್ಚಿ, ಎಡಗಿವಿಗೆ ಬಾಯಿ ಹಚ್ಚಿ ಗುಟ್ಟಾಗಿ ಕೂಗಿದರು. ಇಡೀ ಬೀದಿಗೇ ಪಾಠವಾಯಿತು.

"ಸಿಡಿಲು ಅಂದ್ರೆ ಬಂದೇ ಬರೋ ನೆಂಟ ಅಂತ ತಿಳ್ಕೊ. ಬಾಗಿಲು ತೋರಿಸಿದ್ರೆ ಬಾಗಿಲಲ್ಲಿ ಹೋಗ್ತಾನೆ. ತೋರಿಸ್ದೆ ಇದ್ರೆ ಗೋಡೆ ಒಡ್ಕೊಂಡು ಹೋಗ್ತಾನೆ. ಗೋಪುರದ ತುದೀಗೆ ಒಂದು ಕಂಬಿ ನೆಟ್ಟು, ಅದರಿಂದ ತಾಮ್ರದ ತಂತಿ ಇಳಿಸಿ, ನೀರಿನ ಪಸೆ ಇರೋ ನೆಲಕ್ಕೆ ಮುಟ್ಟಿಸ್ಬೇಕು. ಅಷ್ಟೇ. ಆಮೇಲೆ ಹಗ್ಗ ಹಿಡಿದವರನ್ನ ಅದು ಕೇಳೋದೂ ಇಲ್ಲ."

ಬಾಗಿಲು, ಕಂಬಿ, ತಂತಿ, ನೀರು. ಕಿವುಡ ಈ ನಾಲ್ಕು ಮಾತುಗಳನ್ನು ದಾರಿಯುದ್ದಕ್ಕೂ ಜಪಿಸುತ್ತಾ ಮನೆಗೆ ಬಂದ. ನೆಲ ಎಂಬುದೊಂದು ಎಲ್ಲೋ ಉದುರಿಹೋಗಿತ್ತು.

ಆಮೇಲೆ ಊರು ಎರಡಾಯಿತು. ದೇವರ ಮನೆಯ ನೆತ್ತಿಗೆ ಕಬ್ಬಿಣ ನೆಡುವುದೆಂದರೆ ದೇವರ ಕೈಯನ್ನು ತಡೆಯುವುದು ಎಂದು ಒಂದು ಪಕ್ಷ. ಮಳೆ ಬಂದರೆ ಕೊಡೆ ಹಿಡಿಯುತ್ತೀರಲ್ಲ, ಅದು ಯಾರ ಕೈ ತಡೆಯುವುದು ಎಂದು ಇನ್ನೊಂದು ಪಕ್ಷ. ಎತ್ತು ಏರಿಗೆ, ಕೋಣ ನೀರಿಗೆ. ಮಂದಿರದ ಈಗಿನ ಗುರುಗಳು ಎರಡು ದೋಣಿಯಲ್ಲಿ ಕಾಲಿಟ್ಟು ನಿಂತರು. ಅವರು ಹರೆಯದಲ್ಲಿ ದುರ್ಬೀನು ಹಿಡಿದು ಚಂದ್ರನ ಗುಳಿಗಳನ್ನು ನೋಡಿದವರು. ಗುರುಪೀಠ ಏರಿದ ಮೇಲೆ ದುರ್ಬೀನನ್ನು ಬಟ್ಟೆ ಸುತ್ತಿ ಪೆಟ್ಟಿಗೆಗೆ ಹಾಕಿದ್ದರು. ಎಸೆದಿರಲಿಲ್ಲ ಅನ್ನುವುದೇ ಮೇಷ್ಟ್ರಿಗೆ ಧೈರ್ಯ. ಒಂದು ನಡುಹಗಲು ಅವರನ್ನು ಹಿತ್ತಾಳೆ ಪಟ್ಟಿಯ ಹತ್ತಿರ ನಿಲ್ಲಿಸಿ, ಈ ತೂತು ಕೊರೆಸಿದಾಗಲೂ ದೇವರ ಸೂರಿಗೆ ಕನ್ನ ಹಾಕಿದರೆಂದು ಜನ ಬೊಬ್ಬೆ ಹೊಡೆದಿರಲಿಲ್ಲವೇ, ಇವತ್ತು ಅದೇ ಬೆಳಕಿಗೆ ಕೈಮುಗಿಯುತ್ತೀರಿ ಎಂದರು. ಗುರುಗಳು ಬಹಳ ಹೊತ್ತು ಆ ಬಿಸಿಲಿನ ಬೊಟ್ಟನ್ನೇ ನೋಡಿದರು. ಕೊನೆಗೆ ಕಂಬಿ ಹಾಕಿಸೋಣ ಎಂದರು.

ಕಮಿಟಿ ಸೇರಿದ ದಿನ ಕಿವುಡನೂ ಮೂಲೆಯಲ್ಲಿ ಕುಳಿತಿದ್ದ. ಪಕ್ಕದಲ್ಲಿ ಬೀರಿ, ಯಾರೇನು ಅಂದರೆಂದು ಅವನ ಕಿವಿಗೆ ಕೂಗಲು. ಎಲ್ಲ ಮುಗಿಯಿತು ಅನ್ನುವಾಗ ಎಣ್ಣೆ ಸಾಹುಕಾರ ಗಂಟಲು ಸರಿಮಾಡಿಕೊಂಡ. ಗೋಪುರದ ಸುತ್ತ ಇರುವುದು ಸಮಾಧಿಗಳು. ತಂತಿಯನ್ನು ಅಲ್ಲಿಗೆ ಇಳಿಸಿದರೆ ಆಕಾಶದ ಬೆಂಕಿಯನ್ನು ನಮ್ಮ ಹಿರಿಯರ ಮೂಳೆಯ ಮೇಲೆ ಸುರಿದ ಹಾಗಾಗುವುದಿಲ್ಲವೇ? ಮಣ್ಣಲ್ಲಿ ಮಲಗಿದ ತಾತನನ್ನು ಸುಡಲು ತಾನಂತೂ ಒಪ್ಪುವುದಿಲ್ಲ ಎಂದ. ಮಾತು ತಟ್ಟಿತು. ಎಲ್ಲರಿಗೂ ಅಲ್ಲಿ ಒಬ್ಬೊಬ್ಬ ತಾತ ಇದ್ದನಲ್ಲ. ಒಪ್ಪಿದವರೂ ಹಿಂದೆ ಸರಿದರು. ಗುರುಗಳು ಹಾಗಾದರೆ ಮುಂದಿನ ವರ್ಷ ನೋಡೋಣ ಎನ್ನಲು ಬಾಯಿ ತೆರೆದರು.

ಮುಂದಿನ ವರ್ಷ! ಸಿಡಿಲಿನ ಕಾಲ ಹೊಸ್ತಿಲಲ್ಲೇ ಇತ್ತು. ಮಗಳು ಕಿವಿಯಲ್ಲಿ ಅದನ್ನು ಕೂಗಿ ಮುಗಿಸುವ ಮೊದಲೇ ಕಿವುಡ ಎದ್ದು ನಿಂತ. ಹುಟ್ಟಿದಾರಭ್ಯ ಸಭೆಯಲ್ಲಿ ಬಾಯಿ ತೆರೆಯದವನು.

"ಬೋಗುಣಿಗೆ ಬಿಡಿ ಸ್ವಾಮಿ," ಎಂದ. "ನೆಲ ಮುಟ್ಟೋದೇ ಬೇಡ. ಗೋಪುರದ ಒಳಗೆ ಕಲ್ಲಿನ ಬೋಗುಣಿ ಇದೆಯಲ್ಲ, ಕೈ ತೊಳೆಯೋದು. ಅದರಲ್ಲಿ ಯಾವತ್ತೂ ನೀರಿರುತ್ತೆ. ಮಂತ್ರಿಸಿದ ನೀರು. ನೀರಿದ್ರೆ ಸಾಕು ಅಂದಿದ್ರು ಮೇಷ್ಟ್ರು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸಭೆಗೆ ಇದಕ್ಕಿಂತ ಒಳ್ಳೆಯದು ಇನ್ನೇನು ಬೇಕು? ಭಕ್ತರಿಗೆ ಪವಿತ್ರ ನೀರು ಸಿಕ್ಕಿತು, ಬುದ್ಧಿವಂತರಿಗೆ ತಾಮ್ರದ ತಂತಿ ಸಿಕ್ಕಿತು. ಮೇಷ್ಟ್ರು ಮಾತ್ರ ಎದ್ದು ನಿಂತರು. ಬೋಗುಣಿಯ ಕೆಳಗೆ ಒಣಕಲ್ಲು ಇದೆ, ಅಲ್ಲಿಂದ ಅದು ಎಲ್ಲಿಗೆ ಹೋಗಬೇಕು ಎಂದು ಶುರುಮಾಡಿದರು. ನೀರು ಬೇಕು ಅಂದಿರಿ, ನೀರಿದೆ, ಇನ್ನೂ ತಕರಾರೇ, ಅಥವಾ ಈ ನೀರಿನ ಮೇಲೇ ನಿಮಗೆ ನಂಬಿಕೆಯಿಲ್ಲವೋ ಎಂದು ಸಾಹುಕಾರ ಕೇಳಿದ. ಮೇಷ್ಟ್ರು ಸುತ್ತ ನೋಡಿದರು. ಏನೂ ಇಲ್ಲದ್ದಕ್ಕಿಂತ ಇದು ವಾಸಿ ಎಂದು ಗೊಣಗಿ ಕುಳಿತರು. ಏನೂ ಇಲ್ಲದಿದ್ದರೇ ವಾಸಿಯಾಗಿತ್ತು. ಅದನ್ನು ಆಮೇಲೆ ಹೇಳಿ ಏನು ಬಂತು?

ಕಂಬಿ ಏರಿಸಿದ ದಿನ ಆ ಮನೆಯಲ್ಲಿ ಹಬ್ಬದ ಕಳೆ. ತಾಮ್ರದ ಕೆಲಸದವನು, ಇನ್ನೂ ಮದುವೆಯಾಗದ ಹುಡುಗ, ಗೋಪುರದ ನೆತ್ತಿಯಲ್ಲಿ ನೇತಾಡುತ್ತಾ ತಂತಿ ಬಿಗಿಯುತ್ತಿದ್ದರೆ ಬೀರಿ ಕೆಳಗೆ ಏಣಿ ಹಿಡಿದಿದ್ದಳು. ಬಿದ್ದರೆ ಹಿಡ್ಕೋತೀಯಾ ಎಂದು ಅವನು ಕೇಳಿದನಂತೆ. ನಿನ್ನಂಥ ಇಬ್ಬರನ್ನು ಹಿಡಿಯುತ್ತೇನೆ ಎಂದಳಂತೆ ಇವಳು. ಅತ್ತಿಗೆ ಇದನ್ನೆಲ್ಲ ಕಂಡೂ ಕಾಣದವಳಂತೆ ಕಂಡು, ಒಳಗೆ ಬಂದು ಕಿವುಡನ ಎಡಗಿವಿಗೆ ಊದಿದಳು. ಗುರುಗಳು ಕಂಬಿಗೂ ತಂತಿಗೂ ನೀರು ಚಿಮುಕಿಸಿ ಹರಸಿದರು. ಕಿವುಡ ಬೋಗುಣಿಯೊಳಗೆ ತಂತಿಯ ತುದಿ ಸುರುಳಿ ಸುತ್ತಿ ಮುಳುಗಿದ್ದನ್ನು ಬಗ್ಗಿ ನೋಡಿದ. ಅವನಿಗೆ ಎದೆಯ ಮೇಲಿನ ಬಂಡೆ ಇಳಿಸಿದ ಹಾಗಾಯಿತು. ಇದನ್ನು ಕೇಳಿ ನೆರೆಯೂರಿನವರೂ ತಮ್ಮ ಗೋಪುರಕ್ಕೆ ಕಂಬಿ ಹಾಕಿಸಿದರು. ಅವರ ಗೋಪುರದ ಸುತ್ತ ಯಾರ ತಾತನೂ ಮಲಗಿರಲಿಲ್ಲ. ತಂತಿಯನ್ನು ಸೀದಾ ಬಾವಿಗೆ ಇಳಿಸಿದರು.

ಕಂಬಿ ಬಂದರೂ ಸಿಡಿಲಿನ ಗಂಟೆ ನಿಲ್ಲಲಿಲ್ಲ. ಎರಡೂ ಇರಲಿ, ಒಂದಕ್ಕೊಂದು ಆಸರೆ ಎಂದಿತು ಕಮಿಟಿ. ಆ ವರ್ಷದ ಮೊದಲ ಗುಡುಗು ಒಂದು ಮಧ್ಯಾಹ್ನ ಎದ್ದಿತು. ಬೀರಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಪ್ಪನ ಮುಖ ನೋಡಿದಳು. ಅಷ್ಟು ವರ್ಷ ಅವಳ ಮೇಲೆ ಅಗುಳಿ ಹಾಕಿದ ಕೈ ಅಂದು ತಾನೇ ಬಾಗಿಲು ತೆರೆಯಿತು.

"ಹೋಗು ಮಗಳೇ," ಎಂದ ಕಿವುಡ. "ಈಗ ಭಯ ಇಲ್ಲ."

ಅವಳು ಹೋದಳು. ಅವನು ಬಾಗಿಲ ಚೌಕಟ್ಟಿನ ಮೇಲೆ ಅಂಗೈ ಊರಿ ನಿಂತ. ಏಟುಗಳು ಒಂದರ ಹಿಂದೊಂದು ಬಂದವು, ಗಟ್ಟಿಯಾಗಿ, ಸಮನಾಗಿ, ಅವನು ಹರೆಯದಲ್ಲೂ ಹಾಗೆ ಹೊಡೆದಿರಲಿಲ್ಲ. ತಪ್ಪು ಹುಡುಕಲು ಏನೂ ಸಿಗದೆ ಅವನಿಗೆ ನಗು ಬಂತು. ಆಮೇಲೆ ಗೋಡೆಯೇ ಒದ್ದಂತೆ ಅಂಗೈಗೆ ಒಂದು ಹೊಡೆತ ಬಿತ್ತು. ಅದರ ನಂತರ ಚೌಕಟ್ಟಿನ ಮರ ಸುಮ್ಮನಾಯಿತು. ಮೋಡ ಸರಿದಿರಬೇಕು, ಅದಕ್ಕೇ ನಿಲ್ಲಿಸಿದ್ದಾಳೆ ಎಂದುಕೊಂಡ. ಕೈ ತೆಗೆಯದೆ ಹಾಗೇ ನಿಂತಿದ್ದ. ಅತ್ತಿಗೆ ಮಳೆಯಲ್ಲೇ ಗೋಪುರದ ಕಡೆ ಓಡಿದ್ದು ಕಣ್ಣಿಗೆ ಬಿದ್ದ ಮೇಲೂ ಒಂದಿಷ್ಟು ಹೊತ್ತು ನಿಂತೇ ಇದ್ದ.

ತಂತಿ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತ್ತು. ಗೋಪುರದ ನೆತ್ತಿಯಿಂದ ಸಿಡಿಲನ್ನು ಹಿಡಿದು ತಂದು ಬೋಗುಣಿಗೆ ಬಿಟ್ಟಿತ್ತು. ಅಲ್ಲಿಂದ ಮುಂದೆ ದಾರಿಯಿರಲಿಲ್ಲ. ಬೋಗುಣಿ ಬಿರಿದು, ಒದ್ದೆ ಚಪ್ಪಡಿಯ ಮೇಲೆ ಬರಿಗಾಲಲ್ಲಿ ನಿಂತವಳನ್ನೇ ಸಿಡಿಲು ದಾರಿ ಮಾಡಿಕೊಂಡಿತು. ಬೇಲಿಯೇ ಎದ್ದು ಹೊಲ ಮೇಯಿತು ಎನ್ನುತ್ತಾರಲ್ಲ, ಹಾಗೆ. ಬೀರಿಯ ಮೈಮೇಲೆ ದೊಡ್ಡ ಗಾಯವೇನೂ ಇರಲಿಲ್ಲ. ಹಗ್ಗ ಹಿಡಿದ ಕೈಗಳನ್ನು ಬಿಡಿಸಲು ಮಾತ್ರ ಕಷ್ಟವಾಯಿತು.

ಅವಳನ್ನು ಗೋಪುರದ ಪಕ್ಕದಲ್ಲೇ, ಅಜ್ಜನ ಮತ್ತು ದೊಡ್ಡಪ್ಪನ ಸಾಲಿನಲ್ಲಿ ಮಣ್ಣು ಮಾಡಿದರು. ಮೇಷ್ಟ್ರು ಬಂದು ಕಿವುಡನ ಕಾಲ ಬಳಿ ಕುಳಿತು ಅತ್ತರು. ನೆಂಟನಿಗೆ ಮುಂಬಾಗಿಲು ತೆರೆದು ಹಿತ್ತಲ ಬಾಗಿಲು ಮುಚ್ಚಿದೆವು, ತಪ್ಪು ನನ್ನದು ಎಂದರು. ಮರುವಾರವೇ ಬೇರೆ ಊರಿನ ಶಾಲೆಗೆ ಹೊರಟುಹೋದರು. ಅತ್ತು ಹಗುರಾಗುವವರು ಪುಣ್ಯವಂತರು.

ಕಮಿಟಿ ಮತ್ತೆ ಸೇರಿತು. ಕಂಬಿಯೇ ಸಿಡಿಲನ್ನು ಕರೆದು ತಂದಿತು, ಕಿತ್ತುಹಾಕಿ ಎಂದು ಈ ಸಲ ಎಲ್ಲರದೂ ಒಂದೇ ಬಾಯಿ. ಕಿವುಡ ಎರಡನೇ ಸಲ ಎದ್ದು ನಿಂತ. ಕಂಬಿಯ ತಪ್ಪಲ್ಲ, ಬೋಗುಣಿಯ ತಪ್ಪು, ಬೋಗುಣಿ ಅಂದವನು ನಾನು ಎಂದ. ಸಾಹುಕಾರ ಬಂದು ಅವನ ಬೆನ್ನು ಸವರಿ, ಪಾಪ, ಸಂಕಟದಲ್ಲಿ ಏನೇನೋ ಆಡುತ್ತಿದ್ದಾನೆ ಎಂದ. ಕಿವುಡನಿಗೆ ಅದು ಕೇಳಿಸಲಿಲ್ಲ, ಬೆನ್ನ ಮೇಲಿನ ಕೈಯಿಂದಲೇ ಅರ್ಥವಾಯಿತು. ಅವನು ಆ ಕೈಯನ್ನು ಕೊಡವಿ ಗುರುಗಳ ಮುಂದೆ ಹೋಗಿ ನಿಂತ.

"ನಿಮ್ಮ ಯಾರ ಹಿರಿಯರನ್ನೂ ಮುಟ್ಬೇಡಿ," ಎಂದ. "ನನ್ನ ಮಗಳಿಗೆ ಅಗೆದ್ರಲ್ಲ, ಆ ಮಣ್ಣಿನ್ನೂ ಹಸಿ ಇದೆ. ತಂತೀನ ಅದಕ್ಕೇ ಇಳಿಸಿ. ಅವಳು ಬೇಡ ಅನ್ನಲ್ಲ. ನಾಳೆ ಹಗ್ಗ ಹಿಡಿಯೋರು ಯಾರೇ ಇರ್ಲಿ, ಅವರಾದ್ರೂ ಬದುಕ್ಲಿ."

ಸಭೆಯಲ್ಲಿ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಹೆತ್ತವನ ಬಾಯಲ್ಲಿ ಎಂಥ ಮಾತು, ತಲೆ ಕೆಟ್ಟಿದೆ ಎಂದರು ಗಂಡಸರು. ಗುರುಗಳು ತಲೆಯೆತ್ತಲಿಲ್ಲ. ದುರ್ಬೀನು ಹಿಡಿದ ಕಣ್ಣಿಗೆ ಸತ್ಯ ಕಾಣದೆ ಇತ್ತೇ? ಕಂಡಿತ್ತು. ಕಂಡೂ ನೆಲ ನೋಡಿದರು. ಕಂಬಿ ಇಳಿಯಿತು. ಇಳಿಸಿದವನು ಅದೇ ತಾಮ್ರದ ಕೆಲಸದವನು. ಅಂದು ಅವನ ಏಣಿಯನ್ನು ಯಾರೂ ಹಿಡಿದಿರಲಿಲ್ಲ. ತಂತಿ ಸುತ್ತಿಕೊಂಡು ಯಾರ ಮುಖವನ್ನೂ ನೋಡದೆ ಹೋದ.

ಹೊಸ ಗಂಟೆಯವನು ಸಿಗುವ ತನಕ ಕಿವುಡನೇ ಹೊಡೆಯಲಿ ಎಂದಾಯಿತು. ಯಾರು ಸಿಗುತ್ತಾರೆ? ಮುಂದಿನ ಸಿಡಿಲಿನ ಕಾಲ ಬಂದಾಗಲೂ ಅವನೇ ಇದ್ದ. ಸೂರ್ಯ ಇನ್ನೂ ಮುಳುಗಿರದ ಒಂದು ಸಂಜೆ ಆಕಾಶ ಮಸಿ ಬಳಿದಂತಾಗಿ ನೆಲ ಅದುರತೊಡಗಿತು. ಅವನು ಅಂಗಿ ತೆಗೆದ, ಚಪ್ಪಲಿ ಬಿಟ್ಟ. ಅತ್ತಿಗೆ ಹೊಸ್ತಿಲಲ್ಲಿ ನಿಂತಿದ್ದಳು. ಅವನು ಯಾಕೆ ಹೋಗುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಅವಳು ಅಡ್ಡ ಬರಲಿಲ್ಲ, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಬಿರಿದ ಬೋಗುಣಿಯ ಜಾಗದಲ್ಲಿ ಹೊಸದನ್ನು ಇಟ್ಟಿದ್ದರು. ಕಿವುಡ ಮೈಮೇಲೆ ನೀರು ಸುರಿದುಕೊಂಡು, ಎರಡೂ ಕಾಲನ್ನು ಬೋಗುಣಿಯೊಳಗೇ ಇಟ್ಟು ನಿಂತು, ಹಗ್ಗಕ್ಕೆ ಜೋತುಬಿದ್ದ. ಕೈಯಲ್ಲಿ ಬಲವಿರಲಿಲ್ಲ, ಇಡೀ ಮೈಯಿಂದಲೇ ಜಗ್ಗಿದ. ಬಾ, ನಿನಗೆ ದಾರಿ ಗೊತ್ತಿದೆಯಲ್ಲ ಎಂದು ಪ್ರತಿ ಏಟಿಗೂ ಸಿಡಿಲನ್ನು ಕರೆದ. ಕಿಂಡಿಯಲ್ಲಿ ಬೆಳಕು ಬಂದು ಬಂದು ಹೋಯಿತು. ಅವನು ಅಂಗೈ ಕಿತ್ತು ರಕ್ತ ಬರುವ ತನಕ ಹೊಡೆದ. ಸಿಡಿಲು ಹೊಳೆಯಾಚೆ ಎಲ್ಲೋ ಬಂಜರಿನಲ್ಲಿ ಬಿತ್ತು. ಸ್ವಲ್ಪ ಹೊತ್ತಿಗೆ ಮೋಡ ಹರಿದು ಹಳದಿ ಬಿಸಿಲು ಬಂದು ಅವನ ಒದ್ದೆ ಮೈಮೇಲೆ ಬಿತ್ತು. ಕಿವುಡ ಹಗ್ಗಕ್ಕೆ ಹಣೆ ಒತ್ತಿ, ಬದುಕಿದ್ದಕ್ಕೆ ಅತ್ತ.

ಮರುದಿನ ಹಗಲಿನ ಪ್ರಾರ್ಥನೆಯಲ್ಲಿ ಗುರುಗಳು ಬಹಳ ಹೊತ್ತು ಮಾತಾಡಿದರು. ಅವರ ತುಟಿಗಳು ಆಡುವುದು ಕಿವುಡನಿಗೆ ಕಾಣುತ್ತಿತ್ತು. ಆಮೇಲೆ ಜನರೆಲ್ಲ ಅವನ ಕಡೆ ತಿರುಗಿದರು. ಎಣ್ಣೆ ಸಾಹುಕಾರ ಅವನಿಗೆ ಕೈಮುಗಿದ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು, ಅಷ್ಟೇ. ಅದನ್ನು ಹೇಳುವ ಮೇಷ್ಟ್ರೂ ಊರಿನಲ್ಲಿರಲಿಲ್ಲ. ಏನಂತೆ ಎಂದು ಅವನು ಅತ್ತಿಗೆಯನ್ನು ಕೇಳಿದ.

ಅತ್ತಿಗೆ ಅವನ ಎಡಗಿವಿಗೆ ಬಾಯಿ ಹಚ್ಚಿದಳು. "ಕಂಬಿ ತೆಗೆದ ಮೇಲೆ ಗಂಟೇಗೆ ಶಕ್ತಿ ಬಂತಂತೆ. ನೀನು ನಂಬಿಕೆ ಬಿಡ್ದೆ ಹೊಡೆದಿದ್ದಕ್ಕೇ ಊರು ಉಳೀತಂತೆ. ಇದನ್ನ ಕೇಳಿ ನೆರೆಯೂರಿನವರೂ ಅವರ ಕಂಬಿ ಕೀಳಿಸ್ತಾರಂತೆ."

"ಅಲ್ಲಿ ಗಂಟೆ ಹೊಡೆಯೋರು ಯಾರು?"

"ಯಾರೋ ಚಿಕ್ಕ ವಯಸ್ಸಿನವನಂತೆ. ಮೊನ್ನೆ ಮೊನ್ನೆ ಮದುವೆ ಆಯ್ತಂತೆ."

ಕಿವುಡ ಎದ್ದ. ಜನ ದಾರಿ ಬಿಟ್ಟರು. ಅವನು ಒಬ್ಬೊಬ್ಬರ ತೋಳು ಹಿಡಿದು ಬೇಡ, ಅದು ಬಾವಿಗೆ ಇಳಿದಿದೆ, ಅದನ್ನು ಕೀಳಿಸಬೇಡಿ ಎಂದು ಹೇಳತೊಡಗಿದ. ಅವರು ಅವನ ರಕ್ತ ಕಟ್ಟಿದ ಅಂಗೈಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಅಷ್ಟರಲ್ಲಿ ಬಿಸಿಲಿನ ಬೊಟ್ಟು ಹರಿದು ಬಂದು ಹಿತ್ತಾಳೆ ಪಟ್ಟಿಯನ್ನು ಮುಟ್ಟಿತ್ತು. ಯಾರೋ ಅವನ ಹೆಗಲು ತಟ್ಟಿ ಅದನ್ನು ತೋರಿಸಿದರು. ಅವನು ಹೋಗಿ ಹಗ್ಗ ಹಿಡಿದ.